ಹೊರಗಿನವಳು ಯಾರು?

(ಕೊಕ್ಕನೂರಿನಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತು)



ಈ ಊರಿನಲ್ಲೇ ಹುಟ್ಟಿದವರು ಕೈ ಎತ್ತಿ ಎಂದೆ. ನಾಲ್ಕೈದು ಕೈ ಎದ್ದವು. ಉಳಿದವರೆಲ್ಲ ಮದುವೆಯಾಗಿ ಬಂದವರು. ಅಂದರೆ ನಾವು ಬಹುಪಾಲು ವಲಸೆ ಬಂದವರೇ.

ದಾವಣಗೆರೆ ಬೆಳೆದದ್ದೂ ವಲಸೆಯಿಂದಲೇ. ಹತ್ತಿ ಗಿರಣಿಗಳಿಗೆ, ಮಂಡಕ್ಕಿ ಭಟ್ಟಿಗಳಿಗೆ, ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಗೆ ಊರೂರಿನಿಂದ ಜನ ಬಂದರು. ಹಲವು ಗಿರಣಿ ಮುಚ್ಚಿದವು, ಕಿರ್ಲೋಸ್ಕರ್ ಕೂಡ ಮುಚ್ಚಿತು. ಬಂದವರು ಇಲ್ಲಿಯವರೇ ಆದರು. ಹೆಂಗಸು ಮಾತ್ರ ಮೂವತ್ತು ವರ್ಷ ಬಾಳಿದರೂ ಜಗಳದ ದಿನ ಕೇಳುವ ಮಾತು, "ನಿನ್ನ ಊರಿಗೆ ನಡಿ." ತವರಿಗೆ ಹೋದರೆ, ಕೊಟ್ಟ ಹೆಣ್ಣು ಕುಲಕ್ಕೆ ಹೊರಗು!

ನಾನು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಕಾಲ. ಪಕ್ಕದ ಬಾಡಿಗೆ ಮನೆಗೆ ಬೇರೆ ಜಿಲ್ಲೆಯ ಹುಡುಗಿ ಸೊಸೆಯಾಗಿ ಬಂದಳು. ಬಾಕಿ ಉಳಿದ ಬಂಗಾರಕ್ಕಾಗಿ ಹೊಡೆತ. ಒಂದು ರಾತ್ರಿ ಮಗು ಎತ್ತಿಕೊಂಡು ನಮ್ಮ ಬಾಗಿಲು ತಟ್ಟಿದಳು. ಠಾಣೆಗೆ ಕರೆದೊಯ್ದೆ. "ಮದುವೆಯಾದ ಊರಲ್ಲಿ ದೂರು ಕೊಡಲಿ" ಎಂದರು. ಎಂ.ಎ. ಓದಿದ ನಾನು ಎದುರು ಮಾತಾಡಲಿಲ್ಲ. ಬೆಳಿಗ್ಗೆ ಅವಳನ್ನು ಬಸ್ಸು ಹತ್ತಿಸಿದೆ. ಮುಂದೇನಾಯಿತೋ ತಿಳಿಯಲಿಲ್ಲ. ಆ ಭಾರ ಇವತ್ತಿಗೂ ಇಳಿದಿಲ್ಲ.

ನೀವು ನನ್ನ ಹಾಗೆ ಸುಮ್ಮನಾಗಬಾರದು. 2005ರ ಕೌಟುಂಬಿಕ ಹಿಂಸೆ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 17ನೇ ಕಲಮಿನಂತೆ, ಮನೆ ಯಾರ ಹೆಸರಿನಲ್ಲಿದ್ದರೂ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ನಿಮಗಿದೆ. ಕಾನೂನಿನ ಕ್ರಮವಿಲ್ಲದೆ ಹೊರಹಾಕುವಂತಿಲ್ಲ. ಮಾವನ ಹೆಸರಿನ ಮನೆಗೂ ಈ ಹಕ್ಕು ಅನ್ವಯಿಸಬಹುದೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 27ನೇ ಕಲಮಿನಂತೆ, ತಾತ್ಕಾಲಿಕವಾಗಿ ತಂಗಿದ ಊರಿನ ಮ್ಯಾಜಿಸ್ಟ್ರೇಟರಿಗೂ ಅರ್ಜಿ ಕೊಡಬಹುದು. ಗಂಡನ ಮನೆ ಬಿಟ್ಟು ಆಶ್ರಯ ಪಡೆದ ಊರಿನಲ್ಲೇ ಕಿರುಕುಳದ ಮೊಕದ್ದಮೆ ಹೂಡಬಹುದೆಂದು 2019ರಲ್ಲಿ ಅದೇ ಕೋರ್ಟು ತೀರ್ಪಿತ್ತಿದೆ. "ನಮ್ಮ ಸರಹದ್ದಲ್ಲ" ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ.

ಆದರೆ ಕಾಯಿದೆ ತಾನಾಗಿ ಮನೆ ಬಾಗಿಲಿಗೆ ಬರುವುದಿಲ್ಲ. ಓಣಿಗೆ ಹೊಸ ಸೊಸೆ ಬಂದರೆ, ಬಾಡಿಗೆಗೆ ಹೊಸಬಳು ಬಂದರೆ, ಅವಳನ್ನು ಸಂಘಕ್ಕೆ ಕರೆಯಿರಿ. ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಅವಳ ಹೆಸರು ಸೇರಿದೆಯೇ ನೋಡಿ. ಅವಳ ಜೊತೆ ಠಾಣೆಗೆ ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ.

ಅವಳ ಊರು ಯಾವುದೆಂದು ಯಾರಾದರೂ ಕೇಳಿದರೆ ಹೇಳಿ: ಇದೇ ಅವಳ ಊರು, ನಾವೇ ಅವಳ ಜನ.