ಕಿರುಚಿತ್ರ ನೋಡಿರಿ, ನೋಡಿದ ಮೇಲೆ ಕೇಳಿರಿ

(ಗುಡಗೇರಿಯಲ್ಲಿ ರೈತರಿಗೆ ಕಿರುಚಿತ್ರಗಳನ್ನು ತೋರಿಸುವ ಮೊದಲು ಗ್ರಾಮಸೇವಕರು ಮಾಡಿದ ಭಾಷಣ)



ದಿನವಿಡೀ ಹೊಲದಲ್ಲಿ ದುಡಿದು, ದನಗಳಿಗೆ ಮೇವು ಹಾಕಿ, ಉಂಡು ಇಲ್ಲಿಗೆ ಬಂದಿದ್ದೀರಿ. ನಿಮ್ಮ ನಿದ್ದೆಯ ಹೊತ್ತನ್ನು ನಾನು ಬಹಳ ಹಿಡಿಯುವುದಿಲ್ಲ. ಇಂದು ತೋರಿಸುವ ಚಿತ್ರಗಳೆಲ್ಲ ಕೂಡಿದರೂ ಒಂದು ತಾಸು ಆಗುವುದಿಲ್ಲ. ಇವುಗಳಿಗೆ ಕಿರುಚಿತ್ರಗಳೆಂದು ಹೆಸರು. ಚಿತ್ರ ಕಿರಿದಾದರೆ ಕತೆಯೂ ಕಿರಿದೆಂದು ತಿಳಿಯಬೇಡಿರಿ. ಜೋಳದ ಕಾಳು ಸಣ್ಣದು, ತೆನೆ ಸಣ್ಣದಲ್ಲ.

ಸಿನೆಮಾ ಹುಟ್ಟಿದ್ದೇ ಕಿರುಚಿತ್ರವಾಗಿ. 1895ರಲ್ಲಿ ಫ್ರಾನ್ಸ್ ದೇಶದ ಲೂಮಿಯೇರ್ ಸಹೋದರರು ತೋರಿಸಿದ ಚಿತ್ರಗಳು ಒಂದೊಂದು ನಿಮಿಷವೂ ಇರಲಿಲ್ಲ. ಅವುಗಳಲ್ಲಿ ಒಂದು ನಮ್ಮಂಥವರದೇ ಕತೆ. ತೋಟಗಾರನೊಬ್ಬ ಕೊಳವೆಯಿಂದ ಗಿಡಗಳಿಗೆ ನೀರು ಬಿಡುತ್ತಿರುತ್ತಾನೆ. ತುಂಟ ಹುಡುಗನೊಬ್ಬ ಹಿಂದಿನಿಂದ ಬಂದು ಕೊಳವೆಯನ್ನು ತುಳಿಯುತ್ತಾನೆ. ನೀರು ನಿಂತಿತೇಕೆಂದು ತೋಟಗಾರ ಬಗ್ಗಿ ಕೊಳವೆಯ ಬಾಯಿ ನೋಡುವಾಗ ಹುಡುಗ ಕಾಲು ತೆಗೆಯುತ್ತಾನೆ. ನೀರೆಲ್ಲ ಮುಖಕ್ಕೆ! ಇಷ್ಟೇ ಕತೆ. ಜಗತ್ತೆಲ್ಲ ನಕ್ಕಿತು. ಮರುವರ್ಷ, 1896ರ ಜುಲೈಯಲ್ಲಿ, ಈ ಸಹೋದರರ ಚಿತ್ರಗಳು ಮುಂಬಯಿಗೂ ಬಂದವು.

ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಭಾರತ ಸರಕಾರವು ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಹುಬ್ಬಳ್ಳಿಯ ಟಾಕೀಜಿನಲ್ಲಿ ದೊಡ್ಡ ಚಿತ್ರ ಸುರುವಾಗುವ ಮೊದಲು ವಾರ್ತಾಚಿತ್ರ ಬರುತ್ತಿದ್ದುದನ್ನು ಇಲ್ಲಿಯ ಹಿರಿಯರು ಮರೆತಿರಲಾರರು. ಅಣೆಕಟ್ಟು, ನೆರೆಹಾವಳಿ, ಲಸಿಕೆ, ಒಳ್ಳೆಯ ಬೀಜ ಎಲ್ಲವೂ ಅದರಲ್ಲಿ ಬರುತ್ತಿದ್ದವು. 1952ರ ಅಕ್ಟೋಬರ್ 2ರಂದು ಸಮುದಾಯ ವಿಕಾಸ ಯೋಜನೆ ಆರಂಭವಾದ ಮೇಲೆ ಹಳ್ಳಿಗಳಿಗೂ ಪರದೆ ಬಂದಿತು. ಫಿಲ್ಮ್ಸ್ ಡಿವಿಜನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ಸೇರಿಹೋಯಿತು. ಆದರೆ ಕಿರುಚಿತ್ರ ನಿಲ್ಲಲಿಲ್ಲ. ಪರದೆಯಿಂದ ಇಳಿದು ನಿಮ್ಮ ಅಂಗಿಯ ಕಿಸೆಯನ್ನು ಸೇರಿತು.

ಕಿರುಚಿತ್ರವೆಂದರೆ ಬರಿಯ ಉಪದೇಶವಲ್ಲ. ಗಿರೀಶ ಕಾರ್ನಾಡರು 1972ರಲ್ಲಿ ನಮ್ಮ ಧಾರವಾಡದ ಬೇಂದ್ರೆಯವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಕವಿ ತೀರಿಹೋದರೂ ಅವರ ಮುಖ, ಮಾತು ಉಳಿದವು. ಮೈಸೂರಿನ ಚಿದಾನಂದ ನಾಯಕ ಎಂಬ ತರುಣರು ವೈದ್ಯಕೀಯ ಓದಿದವರು; ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಕಲಿಯುವಾಗ ಹದಿನಾರು ನಿಮಿಷದ ಕನ್ನಡ ಚಿತ್ರವೊಂದನ್ನು ತೆಗೆದರು. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಹುಂಜ ಕೂಗದೆ ಊರಿಗೆ ಬೆಳಗೇ ಆಗುವುದಿಲ್ಲ. ನಿಮ್ಮ ಅವ್ವಂದಿರು ಹೇಳುವಂಥ ಜನಪದ ಕತೆಯೇ ಅದು. ಅದಕ್ಕೆ 2024ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಬಂದಿತು. ಕಟ್ಟೆಯ ಮೇಲಿನ ಕತೆಗೂ ಜಗತ್ತಿನಲ್ಲಿ ಬೆಲೆಯಿದೆ ಎಂಬುದು ಇದರಿಂದ ತಿಳಿಯುತ್ತದೆ.

ಇನ್ನು ನಮ್ಮ ಕಸುಬಿಗೆ ಬರೋಣ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ರಿಕಿನ್ ಗಾಂಧಿ ಮತ್ತು ಸಂಗಡಿಗರು 'ಡಿಜಿಟಲ್ ಗ್ರೀನ್' ಎಂಬ ಕೆಲಸ ಆರಂಭಿಸಿದರು. ಚಿತ್ರದಲ್ಲಿ ಸಿನೆಮಾ ನಟರಿಲ್ಲ. ಆ ಸುತ್ತಿನ ರೈತರೇ ಮಾತನಾಡುತ್ತಾರೆ. ತೋರಿಸುವವರೂ ಆ ಊರಿನವರೇ. ನಡುನಡುವೆ ಚಿತ್ರವನ್ನು ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆ, ಚರ್ಚೆ ನಡೆಸುತ್ತಾರೆ. ಕರ್ನಾಟಕದ 16 ಹಳ್ಳಿಗಳಲ್ಲಿ ಇದನ್ನು ಒರೆಗೆ ಹಚ್ಚಿದರು. ಚಿತ್ರ ತೋರಿಸಿದ ಹಳ್ಳಿಗಳಲ್ಲಿ ಕೆಲವು ಬೇಸಾಯ ಪದ್ಧತಿಗಳನ್ನು ಕೈಗೊಂಡವರು, ಹಳೆಯ ರೀತಿಯಲ್ಲಿ ಬರಿಯ ಭೇಟಿ ತಿಳಿವಳಿಕೆ ನಡೆದ ಹಳ್ಳಿಗಳಿಗಿಂತ ಏಳು ಪಟ್ಟು ಹೆಚ್ಚಿದ್ದರೆಂದು ಅವರು 2009ರಲ್ಲಿ ಪ್ರಕಟಿಸಿದರು. ಕಾರಣವು ಯಂತ್ರದಲ್ಲಿಲ್ಲ. ತನ್ನಂಥ ರೈತ ಮಾಡಿದ್ದನ್ನು ಕಣ್ಣಾರೆ ಕಂಡು, ಸಂಶಯವನ್ನು ಅಲ್ಲೇ ಕೇಳಿ ಬಗೆಹರಿಸಿಕೊಂಡುದೇ ಕಾರಣ.

ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ನನ್ನ ತಪ್ಪನ್ನೇ ಹೇಳುತ್ತೇನೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಚಿತ್ರ ತೋರಿಸಿದೆ. ಹೊಲಕ್ಕೆ ಎತ್ತರದ ಒಡ್ಡು ಹಾಕಿ ಮಳೆಯ ನೀರನ್ನೆಲ್ಲ ಹಿಡಿದಿಡುವುದನ್ನು ಅದರಲ್ಲಿ ಚೆನ್ನಾಗಿ ತೋರಿಸಿದ್ದರು. ಹಿರಿಯರೊಬ್ಬರು ಮೆಚ್ಚಿ ತಮ್ಮ ಹೆಸರಿನ ಹೊಲಕ್ಕೆ ಹಾಗೆಯೇ ಒಡ್ಡು ಹಾಕಿಸಿದರು. ಚಿತ್ರದ ಹೊಲ ಮಸಾರಿ. ನೀರು ಬೇಗ ಇಂಗುತ್ತದೆ. ನಮ್ಮದು ಎರೆಭೂಮಿ, ನೆನೆದರೆ ಉಬ್ಬಿಕೊಂಡು ನೀರನ್ನು ಒಳಗೆ ಬಿಡುವುದೇ ಇಲ್ಲ. ಮಳೆ ಬಿಡದೆ ಹೊಡೆಯಿತು. ನೀರು ನಿಂತಿತು, ಬೇರಿಗೆ ಗಾಳಿಯಿಲ್ಲದೆ ಹೆಸರು ಹಳದಿಯಾಗಿ ಕೊಳೆಯಿತು. ನಾನು ತಲೆ ತಗ್ಗಿಸಿ ಹೋಗಿ ನಿಂತಾಗ ಅವರು ಬೈಯಲಿಲ್ಲ.

"ತಮ್ಮಾ, ನೀ ತೋರಿಸಿದ ಚಿತ್ರದಾಗ ನೀರು ಹೊರಗ ಹೋಗೋ ಹಾದಿ ಎಲ್ಲಿತ್ತು?" ಎಂದಷ್ಟೇ ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಒಡ್ಡಿಗೆ ಕಲ್ಲಿನ ಕೋಡಿ ಬೇಕೆಂದು ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಆದರೆ ಚಿತ್ರದಲ್ಲಿ ಕಾಣದ್ದನ್ನು ಬಾಯಿಂದ ಹೇಳಲಿಲ್ಲ. ಮರುವರ್ಷ ಇಬ್ಬರೂ ಕೂಡಿ ಕೋಡಿ ಕಟ್ಟಿಸಿದೆವು. ಆದರೆ ಆ ವರ್ಷದ ಬೆಳೆ ಅವರಿಗೆ ಮರಳಿ ಬರಲಿಲ್ಲ.

ಆದುದರಿಂದ ಬಂಧುಗಳೇ, ಇಂದು ಇಲ್ಲಿ ನೋಡುವ ಚಿತ್ರಕ್ಕೂ, ನಾಳೆ ಫೋನಿನಲ್ಲಿ ಬರುವ ಚಿತ್ರಕ್ಕೂ ಈ ನಾಲ್ಕು ಪ್ರಶ್ನೆ ಕೇಳಿರಿ. ಇದು ಯಾವ ಮಣ್ಣು, ಎಷ್ಟು ಮಳೆಯ ಸೀಮೆ? ಮಾತನಾಡುವವನು ರೈತನೋ, ಔಷಧ ಮಾರುವವನೋ? ಖರ್ಚು ಎಷ್ಟೆಂದು ಹೇಳಿದನೇ? ಬೆಳೆ ಕೆಟ್ಟದ್ದನ್ನು ತೋರಿಸಿದನೇ, ಬರಿಯ ಫಲವನ್ನಷ್ಟೇ ತೋರಿಸಿದನೇ? ಉತ್ತರ ಸಿಗದಿದ್ದರೆ ಹೊಲವನ್ನೆಲ್ಲ ಒಡ್ಡಬೇಡಿರಿ. ಒಂದು ಮೂಲೆಯಲ್ಲಿ ಮಾಡಿ ನೋಡಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರನ್ನು ಕೇಳಿರಿ, ನನ್ನನ್ನೂ ಕೇಳಿರಿ. ನನಗೆ ತಿಳಿಯದಿದ್ದರೆ ತಿಳಿಯದೆಂದೇ ಹೇಳುತ್ತೇನೆ.

ಕೊನೆಗೆ ಒಂದು ಬಿನ್ನಹ. ಎಷ್ಟು ದಿನ ಪರಸ್ಥಳದ ಹೊಲಗಳನ್ನೇ ನೋಡುವುದು? ಗುಡಗೇರಿಯ ಚಿತ್ರಗಳನ್ನು ನಾವೇ ತೆಗೆಯೋಣ. ಹುಡುಗರ ಕೈಯಲ್ಲಿ ಫೋನಿದೆ, ಅದು ಸಾಕು. ಮೆಣಸಿನಕಾಯಿಯನ್ನು ಬರಿ ಮಣ್ಣಿನ ಮೇಲೆ ಹರವದೆ, ಹಸಿಯಿದ್ದಾಗ ಗುಂಪೆ ಹಾಕದೆ, ಬೂಸುರು ಬಾರದಂತೆ ಒಣಗಿಸುವ ಬಗೆಯನ್ನು ನಮ್ಮ ತಾಯಂದಿರು ಐದು ನಿಮಿಷದಲ್ಲಿ ತೋರಿಸಲಿ. ಬೀಜದ ಜೋಳವನ್ನು ಹುಳ ಬೀಳದಂತೆ ಇಡುವುದನ್ನು ಅಜ್ಜಂದಿರು ಹೇಳಲಿ. ಮೊದಲನೆಯ ಚಿತ್ರ ಆ ಹಿರಿಯರ ಹೊಲದ್ದೇ ಆಗಲಿ. ಕೆಟ್ಟ ಬೆಳೆಯ ಕತೆಯೂ, ಕೋಡಿಯ ಕತೆಯೂ ಅದರಲ್ಲಿ ಇರಲಿ. ಅವರು ಒಪ್ಪಿದ್ದಾರೆ. ನನ್ನ ತಪ್ಪನ್ನು ಹೇಳಲು ಅವರ ಪಕ್ಕದಲ್ಲಿ ನಾನೂ ನಿಲ್ಲುತ್ತೇನೆ.

ಈಗ ದೀಪ ಆರಿಸೋಣ. ಮಕ್ಕಳು ಮುಂದೆ ಕೂಡ್ರಲಿ. ಚಿತ್ರ ನಡೆಯುವಾಗ ಸಂಶಯ ಬಂದರೆ ಕೈ ಎತ್ತಿರಿ, ಅಲ್ಲೇ ನಿಲ್ಲಿಸುತ್ತೇನೆ.