ಕೃಷಿ ಪದವಿ ಓದುವ ಗಡಿ ಮಕ್ಕಳಿಗೆ ವಿದ್ಯಾರ್ಥಿವೇತನ: ಅರ್ಜಿಯಿಂದ ಖಾತೆಯ ತನಕ

(ಜತ್ತ ತಾಲೂಕಿನ ಪೂರ್ವಭಾಗದ ಹಳ್ಳಿಯೊಂದರಲ್ಲಿ ಹನ್ನೆರಡನೇ ಇಯತ್ತೆ ವಿಜ್ಞಾನದ ಮಕ್ಕಳು ಮತ್ತು ಪಾಲಕರ ಮುಂದೆ ನಾವು ಆಡಿದ ಮಾತು. ಬೇರೆ ಊರಿನವರು ಕೇಳಿದ್ದರಿಂದ ಬರೆದು ಹಾಕುತ್ತಿದ್ದೇವೆ. ಅಗತ್ಯ ಇದ್ದವರಿಗೆ ಮುಟ್ಟಿಸಿ.)



ನಾವು ಕೃಷಿ ಓದಿದವರಲ್ಲ. ಕಾಮರ್ಸ್ ಓದಿ ಬ್ಯಾಂಕಿನ ಕೌಂಟರಿನಲ್ಲಿ ಕುಂತವರು. ಹಂಗಾದ್ರೆ ಕೃಷಿ ಕಾಲೇಜಿನ ವಿದ್ಯಾರ್ಥಿವೇತನದ ಬಗ್ಗೆ ನಾವ್ಯಾಕೆ ಮಾತಾಡಬೇಕು ಅಂತ ನೀವು ಕೇಳಬಹುದು. ಕಾರಣ ಇಷ್ಟೇ: ಅರ್ಜಿ ಹಾಕಿದ ಮಕ್ಕಳು ಕೊನೆಗೆ ಬಂದು ನಿಲ್ಲೋದು ನಮ್ಮ ಕೌಂಟರಿನ ಮುಂದೆ. "ಅಣ್ಣಾ, ಮಂಜೂರಾಗೇತಿ ಅಂತ ಮೆಸೇಜ್ ಬಂದೈತಿ, ರೊಕ್ಕ ಬಂದಿಲ್ಲ" ಅಂತಾರೆ. ಆ ರೊಕ್ಕ ಎಲ್ಲಿ ನಿಂತಿತು ಅನ್ನೋದು ನಮಗೆ ದಿನಾ ಕಾಣ್ತದೆ.

ಕೃಷಿ ಬಿ.ಎಸ್ಸಿ. ಈಗ ನಾಲ್ಕು ವರ್ಷದ ವೃತ್ತಿಪರ ಪದವಿ, ಎಂಟು ಸೆಮಿಸ್ಟರ್. ಶುಲ್ಕ ಒಂದು ಕಡೆ, ಹಾಸ್ಟೆಲ್, ಮೆಸ್ಸು, ಪುಸ್ತಕ ಇನ್ನೊಂದು ಕಡೆ. ಮಳೆ ನಂಬಿದ ಜೋಳದ ಹೊಲದವರಿಗೆ, ಸಾಲ ಮಾಡಿ ದಾಳಿಂಬೆ ಹಚ್ಚಿದವರಿಗೆ ಇದು ಸಣ್ಣ ಖರ್ಚಲ್ಲ. ಮೊದಲ ವರ್ಷ ಹ್ಯಾಂಗೋ ತುಂಬಿ, ಎರಡನೇ ವರ್ಷ ಮಗನ್ನ, ಅದಕ್ಕಿಂತ ಹೆಚ್ಚಾಗಿ ಮಗಳನ್ನ, ಮನೆಗೆ ಕರಕೊಂಡು ಬರೋ ಪರಿಸ್ಥಿತಿ ಆಗಬಾರದು. ಅದಕ್ಕೇ ಅರ್ಜಿಯ ಹಾದಿ ಮೊದಲೇ ತಿಳಕೊಳ್ಳೋಣ.

ನಮ್ಮ ಗಡಿಯ ಮಕ್ಕಳಿಗೆ ಮೂರು ಹಾದಿ ಅದಾವ.

ಮೊದಲನೆಯದು, ಮಹಾರಾಷ್ಟ್ರದೊಳಗೇ ಓದೋದು. ಎಂಎಚ್‌ಟಿ-ಸಿಇಟಿ ಬರೆದು, ಸಿಇಟಿ ಸೆಲ್‌ನ ಕೇಂದ್ರೀಕೃತ ಪ್ರವೇಶದ ಮೂಲಕ ಸೀಟು ತಗೋಬೇಕು. ರಾಜ್ಯದಲ್ಲಿ ನಾಲ್ಕು ಕೃಷಿ ವಿದ್ಯಾಪೀಠ: ರಾಹುರಿ, ಅಕೋಲಾ, ಪರಭಣಿ, ದಾಪೋಲಿ. ನಮ್ಮ ಸಾಂಗಲಿ, ಸೊಲ್ಲಾಪುರ ಜಿಲ್ಲೆಗಳು ರಾಹುರಿಯ ವ್ಯಾಪ್ತಿಗೆ ಬರ್ತಾವ. ಸೀಟು ಸಿಕ್ಕ ಮೇಲೆ ಮಹಾಡಿಬಿಟಿ ಪೋರ್ಟಲಿನಲ್ಲಿ ಅರ್ಜಿ. ಅಲ್ಲಿ ಕೃಷಿ ವಿಭಾಗದ ಕೆಳಗೆ ಎರಡು ಹೆಸರು ನೆನಪಿಡ್ರಿ. ಒಂದು, ರಾಜರ್ಷಿ ಛತ್ರಪತಿ ಶಾಹು ಮಹಾರಾಜ ಶಿಕ್ಷಣ ಶುಲ್ಕ ಶಿಷ್ಯವೃತ್ತಿ. ಜಾತಿ ಮೀಸಲಾತಿ ಇಲ್ಲದ, ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿನ ಮಕ್ಕಳಿಗೆ ಬೋಧನಾ ಶುಲ್ಕದ ಅರ್ಧ ಸಿಗ್ತದೆ, ಮನೆಯ ಮೊದಲ ಎರಡು ಮಕ್ಕಳಿಗೆ ಮಾತ್ರ. ಇನ್ನೊಂದು, ಡಾ. ಪಂಜಾಬರಾವ್ ದೇಶಮುಖ ವಸತಿಗೃಹ ನಿರ್ವಾಹ ಭತ್ಯೆ. ಇದು ಅಲ್ಪ ಭೂಮಿ ಇದ್ದ ರೈತರ ಮತ್ತು ನೋಂದಾಯಿತ ಕಾರ್ಮಿಕರ ಮಕ್ಕಳ ಹಾಸ್ಟೆಲ್ ಖರ್ಚಿಗೆ. ಹತ್ತು ವರ್ಷ ದೇಶದ ಕೃಷಿ ಮಂತ್ರಿ ಆಗಿದ್ದವರ ಹೆಸರಿನ ಯೋಜನೆಯನ್ನು ರೈತರ ಮಕ್ಕಳಾದ ನಾವು ಬಿಡಬಾರದು.

ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಭಾರತ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಐತಿ, ಆದಾಯ ಮಿತಿ 2.5 ಲಕ್ಷ. ಹೆಣ್ಣುಮಕ್ಕಳ ಪಾಲಕರು ಇದನ್ನ ಕೇಳ್ರಿ: 2024-25ರಿಂದ ಮಹಾರಾಷ್ಟ್ರದಲ್ಲಿ ಇಡಬ್ಲ್ಯುಎಸ್, ಎಸ್ಇಬಿಸಿ, ಒಬಿಸಿ ವರ್ಗದ, 8 ಲಕ್ಷದೊಳಗಿನ ಆದಾಯದ ಮನೆಯ ಹೆಣ್ಣುಮಕ್ಕಳಿಗೆ ವೃತ್ತಿಪರ ಕೋರ್ಸುಗಳ ಬೋಧನಾ ಶುಲ್ಕ ಮತ್ತು ಪರೀಕ್ಷಾ ಶುಲ್ಕ ಪೂರ್ತಿ ಮಾಫಿ. ಕೃಷಿಯೂ ಅದರಲ್ಲಿ ಬರ್ತದೆ. "ಹುಡುಗಿಗೆ ಅಷ್ಟು ರೊಕ್ಕ ಎಲ್ಲಿಂದ ತರೋದು" ಅನ್ನೋ ಮಾತಿಗೆ ಇನ್ನು ಮೊದಲಿನ ತೂಕ ಉಳಿದಿಲ್ಲ.

ಆದರೆ ಒಂದು ಎಚ್ಚರಿಕೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸೀಟು ತಗೊಂಡ್ರೆ ಶಾಹು ಮಹಾರಾಜರ ಯೋಜನೆ ಸಿಗೂದಿಲ್ಲ. "ಸೀಟು ಈಗ ತಗೋರಿ, ಸ್ಕಾಲರ್‌ಶಿಪ್ ಆಮೇಲೆ ನೋಡೋಣ" ಅಂತ ಏಜೆಂಟ್ ಹೇಳಿದ್ರೆ, ಯಾವ ಕೋಟಾ ಅಂತ ಮೊದಲು ಕೇಳ್ರಿ.

ಎರಡನೇ ಹಾದಿ ಬಹಳ ಮಂದಿಗೆ ಗೊತ್ತಿಲ್ಲ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತು, ಅಂದ್ರೆ ಐಸಿಎಆರ್, ದೇಶದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಒಂದು ಪಾಲು ಸೀಟು ಅಖಿಲ ಭಾರತ ಮಟ್ಟದಲ್ಲಿ ತುಂಬುತ್ತದೆ. 2023ರಿಂದ ಇದಕ್ಕೆ ಬೇರೆ ಪರೀಕ್ಷೆ ಇಲ್ಲ, ಸಿಯುಇಟಿ-ಯುಜಿ ಬರೆದರೆ ಆಯ್ತು. ಸಿಯುಇಟಿಯನ್ನು 13 ಭಾಷೆಗಳಲ್ಲಿ ನಡೆಸ್ತಾರೆ, ಅದರಲ್ಲಿ ಕನ್ನಡವೂ ಒಂದು. ಎಂಎಚ್‌ಟಿ-ಸಿಇಟಿಯಲ್ಲಿ ನಮಗೆ ಕನ್ನಡ ಇಲ್ಲ, ಇಲ್ಲಿ ಐತಿ. ಫಾರ್ಮ್ ತುಂಬುವಾಗ ಮಾಧ್ಯಮದ ಕಾಲಮ್ಮಿನಲ್ಲಿ ಯಾರೋ ರೂಢಿಯಂತೆ ಇಂಗ್ಲಿಷ್ ಅಂತ ಒತ್ತಿಬಿಡ್ತಾರೆ. ನಿಮಗೆ ಯಾವುದು ಸಲೀಸು ಅನ್ನೋದನ್ನ ನೀವೇ ವಿಚಾರ ಮಾಡ್ರಿ.

ಈ ಹಾದಿಯಲ್ಲಿ ಇನ್ನೊಂದು ಲಾಭ ಐತಿ. ಐಸಿಎಆರ್ ಮೂಲಕ ಸೀಟು ತಗೊಂಡು ತನ್ನ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲಿ ಓದುವವರಿಗೆ ನ್ಯಾಷನಲ್ ಟ್ಯಾಲೆಂಟ್ ಸ್ಕಾಲರ್‌ಶಿಪ್ ಅಂತ ತಿಂಗಳಾ ರೊಕ್ಕ ಕೊಡ್ತಾರೆ. ಇದಕ್ಕೆ ಆದಾಯದ ಮಿತಿ ಇಲ್ಲ, ಓದಿನಲ್ಲಿ ಹಿಂದೆ ಬೀಳಬಾರದು ಅಷ್ಟೇ. ಈಗ ನಮ್ಮ ಲೆಕ್ಕ ಹಾಕಿ ನೋಡ್ರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಅದರ ಕೆಳಗಿನ ವಿಜಯಪುರದ ಕೃಷಿ ಕಾಲೇಜು ನಮಗೆ ರಾಹುರಿಗಿಂತ ಹತ್ತಿರ. ಮಾತು ನಮ್ಮದೇ, ಊಟ ನಮ್ಮದೇ, ಮಣ್ಣೂ ನಮ್ಮ ಹೊಲದಂಥದೇ. ಆದರೆ ಕಾಗದದ ಮೇಲೆ ಅದು ಹೊರರಾಜ್ಯ. ಎಷ್ಟೋ ಕಡೆ ನಮ್ಮನ್ನ ಆಚೆಯವರೂ ಅಲ್ಲ, ಈಚೆಯವರೂ ಅಲ್ಲ ಅಂತ ನಿಲ್ಲಿಸಿದ ಗಡಿ ಇದು. ಇದೊಂದು ಕಡೆ ಅದೇ ಗಡಿ ನಮಗೆ ರೊಕ್ಕ ಕೊಡ್ತದೆ. ಯಾಕೆ ಬಿಡಬೇಕು? ಸಿಯುಇಟಿ ಅಂಕ ಬಂದ ಮೇಲೆ ಐಸಿಎಆರ್ ಕೌನ್ಸೆಲಿಂಗಿಗೆ ಬೇರೆಯಾಗಿ ನೋಂದಣಿ ಮಾಡಬೇಕು ಅನ್ನೋದು ಮಾತ್ರ ಮರೀಬ್ಯಾಡ್ರಿ. ಪರೀಕ್ಷೆ ಬರೆದು ಸುಮ್ಮನೆ ಕುಂತ್ರೆ ಯಾರೂ ಕರೆಯೂದಿಲ್ಲ.

ಮೂರನೇ ಹಾದಿ, ಕರ್ನಾಟಕದ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಇರುವ ಅವಕಾಶ. ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳವರಿಗೆ ಇದು ಅನ್ವಯ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಇರಬೇಕು. ಪರೀಕ್ಷಾ ಪ್ರಾಧಿಕಾರ ಇದಕ್ಕಾಗಿ ಕನ್ನಡ ಭಾಷಾ ಪರೀಕ್ಷೆ ಮಾಡ್ತದೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಯಾವ ಪ್ರಮಾಣಪತ್ರ, ಯಾವ ನಮೂನೆ ಅಂತ ಅಚ್ಚಾಗಿರ್ತದೆ, ಅದನ್ನೇ ಓದ್ರಿ. ಈ ಹಾದಿಯಲ್ಲಿ ಸೀಟೇನೋ ಸಿಗಬಹುದು, ಆದರೆ ನೀವು ಐಸಿಎಆರ್ ಮೂಲಕ ಬಂದವರಲ್ಲ, ಹಾಗಾಗಿ ಮೇಲೆ ಹೇಳಿದ ಟ್ಯಾಲೆಂಟ್ ಸ್ಕಾಲರ್‌ಶಿಪ್ ಇಲ್ಲ. ಮಹಾರಾಷ್ಟ್ರದ ಪ್ರವೇಶದ ಮೂಲಕವೂ ಬಂದವರಲ್ಲ, ಹಾಗಾಗಿ ಶಾಹು ಯೋಜನೆಯೂ ಇಲ್ಲ.

ಅಂಥವರಿಗೆ ಒಂದು ಬಾಗಿಲು ಕೇಂದ್ರದ್ದು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಕಾಲೇಜು ಮಕ್ಕಳಿಗೆ ಸೆಂಟ್ರಲ್ ಸೆಕ್ಟರ್ ಸ್ಕೀಮ್ ಐತಿ. ದೇಶಕ್ಕೆಲ್ಲ ವರ್ಷಕ್ಕೆ 82,000 ಹೊಸ ವಿದ್ಯಾರ್ಥಿವೇತನ, ಅರ್ಧ ಹೆಣ್ಣುಮಕ್ಕಳಿಗೆ. ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ಆದಾಯ 4.5 ಲಕ್ಷದೊಳಗಿರಬೇಕು, ಹನ್ನೆರಡನೇ ಇಯತ್ತೆಯಲ್ಲಿ ನಿಮ್ಮ ಬೋರ್ಡಿನ 80 ಪರ್ಸೆಂಟೈಲಿನ ಮೇಲಿರಬೇಕು. ಪರ್ಸೆಂಟೈಲ್ ಅಂದ್ರೆ ಶೇಕಡಾ ಅಂಕ ಅಲ್ಲ, ನಿಮ್ಮ ಬೋರ್ಡಿನ ಮಕ್ಕಳ ನಡುವೆ ನಿಮ್ಮ ಸ್ಥಾನ. 80 ಪರ್ಸೆಂಟ್ ಬಂದಿಲ್ಲ ಅಂತ ಕೈ ಬಿಡಬ್ಯಾಡ್ರಿ. ಇದನ್ನ ತಗೊಂಡ್ರೆ ಇನ್ನೊಂದು ವಿದ್ಯಾರ್ಥಿವೇತನ ಜೋಡಿಯಾಗಿ ತಗೊಳ್ಳೂ ಹಂಗಿಲ್ಲ, ಯಾವುದು ಹೆಚ್ಚು ಅಂತ ಲೆಕ್ಕ ಮಾಡಿ ಆರಿಸಿಕೊಳ್ರಿ.

ಇನ್ನು ಕಾಗದ-ಪತ್ರ. ತಹಶೀಲ್ದಾರ ಕಚೇರಿಯ ಉತ್ಪನ್ನದ ದಾಖಲೆ, ಡೊಮಿಸೈಲ್, ಶಾಲೆ ಬಿಟ್ಟ ದಾಖಲೆ, ಸಾತಬಾರಾ ಉತಾರಾ, ಮೀಸಲಾತಿ ಇದ್ದವರಿಗೆ ಜಾತಿ ದಾಖಲೆ ಮತ್ತು ಅದರ ವ್ಯಾಲಿಡಿಟಿ. ವ್ಯಾಲಿಡಿಟಿಗೆ ಹಳೇ ಪುರಾವೆ ಕೇಳ್ತಾರೆ: ಪರಿಶಿಷ್ಟ ಜಾತಿಗೆ 1950ಕ್ಕಿಂತ, ವಿಮುಕ್ತ ಮತ್ತು ಅಲೆಮಾರಿ ಜಾತಿಗಳಿಗೆ 1961ಕ್ಕಿಂತ, ಒಬಿಸಿಗೆ 1967ಕ್ಕಿಂತ ಹಿಂದಿನದು. ನಮ್ಮ ಭಾಗದಲ್ಲಿ ಅಜ್ಜನ ಶಾಲೆಯ ದಾಖಲೆ ಕನ್ನಡದಲ್ಲಿ ಇರ್ತದೆ. ಅದನ್ನ ಹುಡುಕಿ, ಭಾಷಾಂತರ ಮಾಡಿಸಿ ಕೊಡೋದಕ್ಕೆ ತಿಂಗಳುಗಟ್ಟಲೆ ಹಿಡೀತದೆ. ಹನ್ನೊಂದನೇ ಇಯತ್ತೆಯಲ್ಲೇ ಶುರು ಮಾಡಬೇಕಾದ ಕೆಲಸ ಇದು.

ಎಲ್ಲಕ್ಕಿಂತ ದೊಡ್ಡ ತೊಡಕು ಹೆಸರಿನದು. ನಮ್ಮ ಮಕ್ಕಳ ಹೆಸರು ಕನ್ನಡದಲ್ಲಿ ಹುಟ್ಟಿ, ಮರಾಠಿಯೊಳಗೆ ಹಾಯ್ದು, ಇಂಗ್ಲಿಷಿಗೆ ಬರ್ತದೆ. ಸಿದ್ದಪ್ಪ ಅನ್ನೋ ಹೆಸರಿಗೆ ಹತ್ತನೇ ಇಯತ್ತೆ ಅಂಕಪಟ್ಟಿಯಲ್ಲಿ ಒಂದು ಸ್ಪೆಲ್ಲಿಂಗು, ಆಧಾರದಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ಕೊನೆಗೆ. ಮನೆಯಲ್ಲಿ ಮಲ್ಲವ್ವ, ಕಾಗದದಲ್ಲಿ ಮಲ್ಲಮ್ಮ. ನಮಗೆ ಎಲ್ಲಾ ಒಂದೇ, ಕಂಪ್ಯೂಟರಿಗೆ ಅವರು ಬೇರೆ ಬೇರೆ ಮನುಷ್ಯರು. ಹತ್ತನೇ ಇಯತ್ತೆಯ ಅಂಕಪಟ್ಟಿಯನ್ನು ಮೂಲ ಅಂತ ಹಿಡೀರಿ, ಆಧಾರ ಮತ್ತು ಪಾಸ್‌ಬುಕ್ಕು ಅದಕ್ಕೆ ಹೊಂದುವಂತೆ ಮಾಡಿಸ್ರಿ. ಆಧಾರದಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಸಲ ಅವಕಾಶ. ಸೆಂಟರಿನವ ಟೈಪ್ ಮಾಡಿದ್ದನ್ನ ಅಕ್ಷರ ಅಕ್ಷರ ಓದಿ ಆಮೇಲೆ ಹೂಂ ಅನ್ರಿ. ಹದಿನೈದು ವರ್ಷ ದಾಟಿದ ಮೇಲೆ ಬೆರಳಚ್ಚು, ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದೂ ಆಗೇತೋ ಇಲ್ಲೋ ನೋಡ್ರಿ.

ಈಗ ನಮ್ಮ ಕೌಂಟರಿಗೆ ಬರೋಣ. "ಆಧಾರ ಲಿಂಕ್ ಆಗೇತಿ" ಅಂತ ಎಲ್ಲರೂ ಹೇಳ್ತಾರೆ. ಲಿಂಕ್ ಬೇರೆ, ಸೀಡಿಂಗ್ ಬೇರೆ. ಖಾತೆ ತೆರೆಯುವಾಗ ಆಧಾರದ ಝೆರಾಕ್ಸ್ ಕೊಟ್ಟರೆ ಅದು ಕೆವೈಸಿ ಆಯ್ತು. ಸರ್ಕಾರದ ರೊಕ್ಕ ಬರಬೇಕಾದ್ರೆ ಎನ್‌ಪಿಸಿಐನ ಪಟ್ಟಿಯಲ್ಲಿ ನಿಮ್ಮ ಆಧಾರದ ಎದುರಿಗೆ ಆ ಬ್ಯಾಂಕಿನ ಹೆಸರು ಇರಬೇಕು. ಆ ಪಟ್ಟಿಯಲ್ಲಿ ಒಂದು ಆಧಾರಕ್ಕೆ ಒಂದೇ ಬ್ಯಾಂಕು, ಕೊನೆಗೆ ಯಾವುದನ್ನ ಸೀಡ್ ಮಾಡಿದಿರೋ ಅದು. ಸಿಮ್ ಅಂಗಡಿಯಲ್ಲಿ ಬೆರಳಿಟ್ಟು ತೆರೆದ ಪೇಮೆಂಟ್ ಬ್ಯಾಂಕ್ ಖಾತೆ ಇದ್ದರೆ ರೊಕ್ಕ ಅಲ್ಲಿಗೆ ಹೋಗಿ ಕುಂತಿರಬಹುದು. ಅರ್ಜಿಯಲ್ಲಿ ಬೇರೆ ಖಾತೆ ನಂಬರ್ ಬರೆದಿದ್ದರೂ ಹಂಗೇ ಆಗ್ತದೆ. ಮೈ ಆಧಾರ್ ಪೋರ್ಟಲಿನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಅಂತ ಐತಿ, ಎರಡು ನಿಮಿಷದ ಕೆಲಸ, ಇವತ್ತೇ ನೋಡ್ರಿ. ಬದಲಿಸಬೇಕಿದ್ರೆ ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಸೀಡಿಂಗಿನ ಒಪ್ಪಿಗೆ ಫಾರ್ಮ್ ಕೊಡ್ರಿ.

ಶಾಲೆಯಲ್ಲಿದ್ದಾಗ ತೆರೆದ ಖಾತೆ ಮೈನರ್ ಖಾತೆ ಆಗಿರ್ತದೆ. ಹದಿನೆಂಟು ತುಂಬಿದ ಮೇಲೆ ಹೊಸ ಸಹಿ, ಹೊಸ ಕೆವೈಸಿ ಕೊಡಬೇಕು. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗ್ತದೆ, ಅದನ್ನೂ ಮೊದಲೇ ಚಾಲು ಮಾಡಿಸ್ರಿ.

ಪಾಲಕರಿಗೆ ಒಂದು ಮಾತು, ಸಿಟ್ಟಾಗಬ್ಯಾಡ್ರಿ. ಕೆಲವು ಯೋಜನೆಗಳಲ್ಲಿ ಕಾಲೇಜಿನ ಶುಲ್ಕದ ರೊಕ್ಕವೂ ಮಗುವಿನ ಖಾತೆಗೇ ಬರ್ತದೆ. ಅದನ್ನ ಕಾಲೇಜಿಗೆ ಕಟ್ಟಬೇಕು. ಬಿತ್ತನೆ ಹೊತ್ತಿಗೆ ರೊಕ್ಕ ಬಂದ್ರೆ ಗೊಬ್ಬರಕ್ಕೆ ಕೈ ಹೋಗೋದು ಸಹಜ. ಆದರೆ ಆ ರೊಕ್ಕ ಒಮ್ಮೆ ಹೊಲಕ್ಕೆ ಹೋದ್ರೆ, ಶುಲ್ಕ ಬಾಕಿ ಅಂತ ಕಾಲೇಜಿನಲ್ಲಿ ತಲೆ ತಗ್ಗಿಸಿ ನಿಲ್ಲೋದು ಮಗು. ಶುಲ್ಕಕ್ಕೆ ತಾತ್ಪೂರ್ತಿಕ ಅಡಚಣೆ ಇದ್ದರೆ ಶಿಕ್ಷಣ ಸಾಲ ಕೇಳ್ರಿ. 4 ಲಕ್ಷದ ತನಕ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡವು ಕೇಳಬಾರದು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ತಾಯಿಯ ತಾಳಿ ಸರ ಒತ್ತೆ ಇಡೋಕಿಂತ ಮೊದಲು ಇದನ್ನ ಕೇಳ್ರಿ.

ಅರ್ಜಿ ಸಲ್ಲಿಸಿದ ಮೇಲೆ ಅದು ಕಾಲೇಜಿನ ಗುಮಾಸ್ತರ ಲಾಗಿನ್ನಿಗೆ, ಅಲ್ಲಿಂದ ಪ್ರಾಚಾರ್ಯರಿಗೆ, ಅಲ್ಲಿಂದ ಇಲಾಖೆಗೆ ಹೋಗ್ತದೆ. ನಡುವೆ ಏನಾದರೂ ಕೊರತೆ ಕಂಡರೆ ನಿಮಗೇ ವಾಪಸ್ ಬರ್ತದೆ. ವಾಪಸ್ ಬಂದದ್ದು ಗೊತ್ತಾಗದೆ ಕೊನೆ ದಿನಾಂಕ ಮುಗಿದ ಅರ್ಜಿಗಳು ಬಹಳ. ಸೆಂಟರಿನವನ ಮೊಬೈಲ್ ನಂಬರ್ ಹಾಕಿಸಬ್ಯಾಡ್ರಿ, ನಿಮ್ಮದೇ ಹಾಕ್ರಿ. ಯೂಸರ್ ಐಡಿ, ಪಾಸ್‌ವರ್ಡ್ ನಿಮ್ಮ ವಹಿಯಲ್ಲಿ ಬರೆದಿಡ್ರಿ. ಹದಿನೈದು ದಿನಕ್ಕೊಮ್ಮೆ ಲಾಗಿನ್ ಆಗಿ ಅರ್ಜಿ ಯಾರ ಹತ್ತಿರ ಐತಿ ಅಂತ ನೋಡ್ರಿ. ಪ್ರತಿ ವರ್ಷ ರಿನ್ಯೂವಲ್ ಮಾಡಬೇಕು, ಒಮ್ಮೆ ಸಿಕ್ಕರೆ ನಾಲ್ಕು ವರ್ಷ ತಾನಾಗೇ ಬರೂದಿಲ್ಲ.

ಇದನ್ನ ಓದುವ ಕಾಸರಗೋಡು, ತಾಳವಾಡಿ, ಹೊಸೂರು, ಮಡಕಶಿರಾ ಕಡೆಯ ಬಂಧುಗಳಿಗೆ: ನಿಮ್ಮ ರಾಜ್ಯದ ಯೋಜನೆಗಳು ಬೇರೆ ಇರ್ತಾವ. ಆದರೆ ಸಿಯುಇಟಿ, ಐಸಿಎಆರ್, ಕೇಂದ್ರದ ಪೋರ್ಟಲ್, ಹೆಸರಿನ ತೊಡಕು, ಆಧಾರ ಸೀಡಿಂಗ್ ಎಲ್ಲರಿಗೂ ಒಂದೇ.

ಸರ್ಕಾರದ ಈ ರೊಕ್ಕ ಯಾರ ಉಪಕಾರವೂ ಅಲ್ಲ. ನಾವು ಅಂಗಡಿಯಲ್ಲಿ ಬೆಂಕಿಪೆಟ್ಟಿಗೆ ಕೊಂಡರೂ ತೆರಿಗೆ ಕಟ್ಟುವವರು. ನಮ್ಮ ಮಕ್ಕಳು ಕೃಷಿ ಓದಿ ಬಂದ್ರೆ ದಾಳಿಂಬೆಗೆ ಬರೋ ರೋಗಕ್ಕೆ ಯಾವ ಔಷಧ, ಎಷ್ಟು ಅಂತ ಅಂಗಡಿಯವನನ್ನು ಕೇಳೋ ಬದಲು ಮನೆಯ ಮಗಳನ್ನೇ ಕೇಳಬಹುದು, ಅದೂ ನಮ್ಮ ಮಾತಿನಲ್ಲೇ. ಮುಂದಿನ ರವಿವಾರ ಬೆಳಿಗ್ಗೆ ನಾವು ಗೆಳೆಯರು ಇದೇ ಶಾಲೆಯಲ್ಲಿ ಕುಂತಿರ್ತೇವೆ. ಆಧಾರ, ಹತ್ತನೇ ಇಯತ್ತೆ ಅಂಕಪಟ್ಟಿ, ಪಾಸ್‌ಬುಕ್ಕು, ಈ ಮೂರೂ ತಗೊಂಡು ಬರ್ರಿ. ಮೂರರಲ್ಲೂ ಹೆಸರು ಒಂದೇ ಐತೋ ಇಲ್ಲೋ, ಅಲ್ಲಿಂದಲೇ ಶುರು ಮಾಡೋಣ.