ಬೇರೆಯವರ ಪರೀಕ್ಷೆ ಬರೆಯುವವಳು



ನಮ್ಮಲ್ಲಿ ರಂಗೋಲಿ ಹಾಕುವವರು, ಬೆಟ್ಟ ಹತ್ತುವವರು ಎಲ್ಲ ಇದ್ದೀರಿ. ನಾನು ಬೇರೆಯವರ ಪರೀಕ್ಷೆ ಬರೆಯುತ್ತೇನೆ. ಗಾಬರಿಯಾಗಬೇಡಿ, ಕಳ್ಳತನವಲ್ಲ! ಕಣ್ಣು ಕಾಣದ ವಿದ್ಯಾರ್ಥಿಗಳು ಉತ್ತರ ಹೇಳುತ್ತಾರೆ, ನಾನು ಬರೆಯುತ್ತೇನೆ. ಇದಕ್ಕೆ ಸ್ಕ್ರೈಬ್ ಅಂತಾರೆ. ಇಲ್ಲಿ ಮರಾಠಿಯಲ್ಲಿ ಲೇಖನಿಕ್.

ಮದುವೆಯಾಗಿ ಹೊಸಪೇಟೆಯಿಂದ ಮುಂಬಯಿಗೆ ಬಂದಾಗ ನನ್ನ ಓದು ಪಿಯುಸಿಗೇ ನಿಂತಿತ್ತು. ಯಾವುದೇ ಅರ್ಜಿಯಲ್ಲಿ ವಿದ್ಯಾರ್ಹತೆ ಬರೆಯುವಾಗ ಮನಸ್ಸು ಚುರ್ ಅನ್ನುತ್ತಿತ್ತು. ತಮಾಷೆ ನೋಡಿ, ವಿದ್ಯಾರ್ಥಿ ತಾನೇ ಕರೆತರುವ ಸ್ಕ್ರೈಬ್ ಓದಿನಲ್ಲಿ ಒಂದು ಮೆಟ್ಟಿಲು ಕೆಳಗಿರಬೇಕು ಎನ್ನುತ್ತಿತ್ತು 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿ. ನನ್ನ ಕಡಿಮೆ ಓದೇ ಅರ್ಹತೆಯಾದದ್ದು ಇದೊಂದೇ ಕಡೆ! ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚು ಸಮಯ ಕೊಡುತ್ತಾರೆ. 3 ಗಂಟೆಯ ಪೇಪರ್ ಅಂದರೆ 4 ಗಂಟೆ. ಬೆರಳು ಸೆಟೆದುಕೊಳ್ಳುತ್ತದೆ. ಆದರೆ ನಿಜವಾದ ಕಷ್ಟ ಬೆರಳಿನದಲ್ಲ.

ಒಮ್ಮೆ ಬಿ.ಎ. ಕೊನೆಯ ವರ್ಷದ ಹುಡುಗಿಗೆ ಇತಿಹಾಸದ ಪೇಪರ್ ಬರೆಯುತ್ತಿದ್ದೆ. "ತಾಳಿಕೋಟೆ ಯುದ್ಧ 1556ರಲ್ಲಿ ನಡೆಯಿತು" ಅಂದಳು. ನನ್ನ ಪೆನ್ನು ನಿಂತೇಬಿಟ್ಟಿತು. ಹಂಪಿಯ ಮಗ್ಗುಲಲ್ಲಿ ಬೆಳೆದವಳು ನಾನು, ವಿಜಯನಗರ ಬಿದ್ದ ವರ್ಷ ಗೊತ್ತಿಲ್ಲವೇ?

ಅವಳು ತಲೆಯೆತ್ತಿದಳು. "ಕಾಕೂ, ಯಾಕೆ ನಿಂತ್ರಿ? ತಪ್ಪಾಯ್ತಾ?"

ನಾನು ಬಾಯಿ ಬಿಡುವಂತಿಲ್ಲ. "ಮುಂದೆ ಹೇಳಮ್ಮ" ಅಂದೆ. ಒಂದು ಗಳಿಗೆ ಸುಮ್ಮನಿದ್ದು, "1565 ಅಂತ ಬರೀರಿ" ಅಂದಳು. ಬರೆದೆ. ಒಳಗೊಳಗೇ ಹಿಗ್ಗಿದೆ ಕೂಡ, ಸುಳ್ಳು ಹೇಳಲಾರೆ.

ಹೊರಗೆ ಬಂದಾಗ ಅವಳು ನನ್ನ ಕೈ ಹಿಡಿದುಕೊಂಡೇ ಹೇಳಿದಳು: "ಕಾಕೂ, ಇನ್ನೊಂದು ಸಲ ಪೆನ್ನು ನಿಲ್ಲಿಸಬೇಡಿ. ನಾನು ಪಾಸಾದರೆ ಬರೆದವರು ಪಾಸು ಮಾಡಿಸಿದರು ಅಂತಾರೆ ಜನ. ನನ್ನ ತಪ್ಪು ನನಗೇ ಇರಲಿ."

ಸ್ಟೇಷನ್‌ವರೆಗೂ ನನಗೆ ಮಾತೇ ಹೊರಡಲಿಲ್ಲ. ಉಪಕಾರ ಮಾಡಿದೆ ಅಂದುಕೊಂಡಿದ್ದೆನಲ್ಲ!

ಈಗ ಪರೀಕ್ಷೆ ಹತ್ತಿರ ಬಂದಾಗ ನಮ್ಮ ಯಜಮಾನರಿಂದ ಬೇಕೆಂದೇ ತಪ್ಪುತಪ್ಪು ಇಸವಿ ಹೇಳಿಸಿಕೊಂಡು, ಪೆನ್ನು ನಿಲ್ಲಿಸದೆ ಬರೆಯುವ ಅಭ್ಯಾಸ ಮಾಡುತ್ತೇನೆ. ಅವರು ಹೇಳಿದ್ದಕ್ಕೆ ನಾನು ಎದುರು ಮಾತಾಡದೆ ಕೂರುವುದು ಆಗ ಮಾತ್ರ, ಹಾಗಾಗಿ ಅವರಿಗೆ ಬಹಳ ಖುಷಿ.

ಮಾರ್ಚ್, ಏಪ್ರಿಲ್‌ನಲ್ಲಿ ಸ್ಕ್ರೈಬ್ ಸಿಗದೆ ಮಕ್ಕಳು ಪರದಾಡುತ್ತಾರೆ. ನಿಮ್ಮಲ್ಲಿ ನನ್ನ ಹಾಗೆ ಪಿಯುಸಿಗೇ ಓದು ನಿಂತವರು, ಮರಾಠಿಯೋ ಹಿಂದಿಯೋ ಬಿಡಿಬಿಡಿಯಾಗಿ ಬರೆಯಬಲ್ಲವರು ಇದ್ದರೆ ಊಟದ ಹೊತ್ತಿಗೆ ನನ್ನನ್ನು ಹುಡುಕಿ. ಹೋಳಿಗೆ ಬಡಿಸುವ ಕಡೆ ಇರುತ್ತೇನೆ.